ಅರ್ಧ ಸೆಂಟ್ ಯಾರದು

ಹೆಲ್ಡುರ್ ತನ್ನ ದುಡಿಮೆಯ ಕಾಲವನ್ನೆಲ್ಲ ಪೈಪ್ಸಿ ಸರೋವರದ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುತ್ತಲೇ ಕಳೆದವನು. ನಿವೃತ್ತನಾದ ಮೇಲೆ ಬಿಚ್ಚಿ ನೋಡಲು ಎಂಜಿನ್ನುಗಳಿಲ್ಲದೆ ಊರಿನ ಬೇರೆ ಬೇರೆ ಸಂಗತಿಗಳನ್ನು ಬಿಚ್ಚಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದ. ಬಸ್ಸು ಯಾಕೆ ತಡ, ಬೀದಿದೀಪ ಯಾಕೆ ಹಗಲಲ್ಲೂ ಉರಿಯುತ್ತದೆ, ಹೀಗೆ. ಆದರೆ ಸಹಕಾರಿ ಅಂಗಡಿಯ ಮೈಮು ಜೊತೆ ಅವನು ಜಗಳವಾಡಿದ್ದಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಪ್ರತಿ ಗುರುವಾರ ಅವನು ಬಂದು ಕೌಂಟರಿನ ಮುಂದೆ ನಿಂತರೆ ಸಾಕು, ಮೈಮು ಚಾಕು ತೆಗೆದುಕೊಳ್ಳುತ್ತಿದ್ದಳು. ಹೊಗೆಯಲ್ಲಿಟ್ಟ ಚೀಸು, ಮುನ್ನೂರೈವತ್ತು ಗ್ರಾಂ. ಅವಳ ಕೈ ಎಷ್ಟು ಪಳಗಿತ್ತೆಂದರೆ ಒಂದೇ ಏಟಿಗೆ ತಕ್ಕಡಿಯ ಮೇಲೆ ಅಷ್ಟೇ ಬರುತ್ತಿತ್ತು. ತಕ್ಕಡಿ ಉಗುಳಿದ ಬೆಲೆಯ ಚೀಟಿಯನ್ನು ಅವಳು ಪೊಟ್ಟಣಕ್ಕೆ ಅಂಟಿಸಿ ಕೊಡುತ್ತಿದ್ದಳು. ಜೊತೆಗೊಂದು ಕಪ್ಪು ಬ್ರೆಡ್ಡು.

ಆ ವರ್ಷ ಜನವರಿಯಲ್ಲಿ ಹೊಸ ನಿಯಮ ಬಂತು. ನಗದು ಕೊಡುವವರಿಗೆ ಒಟ್ಟು ಮೊತ್ತವನ್ನು ಹತ್ತಿರದ ಐದು ಸೆಂಟಿಗೆ ತರಬೇಕು; ಯೂರೊದ ನೂರನೇ ಒಂದು ಭಾಗ ಸೆಂಟು. ಕೊನೆಯಲ್ಲಿ ಒಂದೆರಡು ಸೆಂಟ್ ಉಳಿದರೆ ಬಿಟ್ಟುಬಿಡುವುದು, ಮೂರು ನಾಲ್ಕಿದ್ದರೆ ಐದು ಮಾಡುವುದು. ಕಾರ್ಡ್ ಕೊಡುವವರಿಗೆ ಇದ್ದದ್ದು ಇದ್ದಷ್ಟೇ. ಮೈಮು ಒಂದು ರಟ್ಟಿನ ಮೇಲೆ ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಗಲ್ಲಾ ಪಕ್ಕ ನಿಲ್ಲಿಸಿದ್ದಳು. ಊರು ಮೊದಲ ವಾರ ಗೊಣಗಿತು, ಎರಡನೇ ವಾರ ಮರೆಯಿತು.

ಹೆಲ್ಡುರ್ ಮಾತ್ರ ರಸೀದಿಯನ್ನು ಹಿಡಿದು ಅಲ್ಲೇ ನಿಂತ.

"ಮೈಮು, ಚೀಸಿನ ಚೀಟಿ ಮೇಲೆ ಎಷ್ಟಿದೆ ಓದು."

"ನಾಲ್ಕು ಯೂರೊ ಮೂವತ್ತು."

"ರಸೀದೀಲಿ?"

ಮೈಮು ಕನ್ನಡಕ ಏರಿಸಿದಳು. "ನಾಲ್ಕು ಮೂವತ್ತೊಂದು."

"ಬ್ರೆಡ್ಡು ಒಂದು ನಲವತ್ತೆರಡು. ನಿನ್ನ ಚೀಟಿ ಪ್ರಕಾರ ಐದು ಎಪ್ಪತ್ತೆರಡು. ನಾನು ಕೊಡಬೇಕಾದ್ದು ಐದು ಎಪ್ಪತ್ತು. ನಿನ್ನ ಗಲ್ಲಾ ಐದು ಎಪ್ಪತ್ತಮೂರು ಅಂತ ಕೂಡಿಸಿ ನನ್ನ ಹತ್ರ ಐದು ಎಪ್ಪತ್ತೈದು ಕಿತ್ಕೊಂಡಿದೆ."

"ಐದು ಸೆಂಟಿಗೆ ಇಷ್ಟು ದೊಡ್ಡ ಗಂಟಲಾ? ತಗೋ, ನನ್ನ ಜೇಬಿಂದ ಕೊಡ್ತೀನಿ."

"ನಿನ್ನ ಜೇಬಿಂದ ಯಾಕೆ ಕೊಡ್ತೀಯ? ಅಂದ್ರೆ ಇದು ಹೆಂಗಾಯ್ತು ಅಂತ ನಿಂಗೆ ಗೊತ್ತು!"

ಹಿಂದೆ ನಿಂತಿದ್ದವರು ತಮ್ಮ ಬುಟ್ಟಿಗಳಲ್ಲಿದ್ದ ಪೊಟ್ಟಣಗಳನ್ನು ತಿರುಗಿಸಿ ಚೀಟಿ ನೋಡತೊಡಗಿದರು. ಮೈಮುಗೆ ಮುಖ ಬಿಸಿಯಾಯಿತು. ಅವಳು ಆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಳು, ಅಂಥ ಮಾತು ಕೇಳಿಸಿಕೊಂಡವಳಲ್ಲ.

ಗಲ್ಲಾ ಯಂತ್ರದ ಪ್ರೋಗ್ರಾಂ ಬರೆದವಳು ತಾರ್ತು ನಗರದಲ್ಲಿದ್ದ ಉರ್ವೆ. ಅವಳದು ಒಬ್ಬಳೇ ನಡೆಸುವ ಪುಟ್ಟ ಕಂಪನಿ. ಸರೋವರದ ದಡದ ಸಹಕಾರಿ ಅಂಗಡಿಗಳೆಲ್ಲ ಅವಳ ಗಿರಾಕಿಗಳು. ಜನವರಿಯ ನಿಯಮಕ್ಕಾಗಿ ಅವಳು ಶರತ್ಕಾಲದಿಂದಲೇ ತಯಾರಿ ನಡೆಸಿದ್ದಳು. ಪ್ರತಿ ಮೊತ್ತಕ್ಕೂ ಪರೀಕ್ಷೆ ಬರೆದಿದ್ದಳು, ಸರಕು ವಾಪಸು ತಂದವರ ಲೆಕ್ಕಕ್ಕೂ ಬರೆದಿದ್ದಳು. ಹಾಗಾಗಿ ಮೈಮು ಫೋನ್ ಮಾಡಿದಾಗ ಅವಳಿಗೆ ಮೊದಲು ನಗು ಬಂತು.

"ಅದು ಹೊಸ ನಿಯಮದ್ದೇ ಇರಬೇಕು ಮೈಮು ಅವರೇ. ನಗದು ಕೊಟ್ರೆ ಹಾಗೆ ಆಗತ್ತೆ."

"ಅಷ್ಟೂ ಗೊತ್ತಿಲ್ವೇನಮ್ಮ ನಂಗೆ? ರಟ್ಟು ಬರೆದಿಟ್ಟೋಳೇ ನಾನು. ಇದು ಅದಲ್ಲ. ಚೀಸಿನ ಬೆಲೆನೇ ಬೇರೆ ಬರ್ತಿದೆ. ತಕ್ಕಡಿ ಒಂದು ಹೇಳತ್ತೆ, ಗಲ್ಲಾ ಇನ್ನೊಂದು ಹೇಳತ್ತೆ. ನಡುವೆ ಹೆಲ್ಡುರ್ ನನ್ನ ಕಳ್ಳಿ ಅಂತಾನೆ."

ಉರ್ವೆ ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಕಿಲೋಗೆ ಹನ್ನೆರಡು ಯೂರೊ ಮೂವತ್ತು, ಮುನ್ನೂರೈವತ್ತು ಗ್ರಾಂ. ಗುಣಿಸಿದರೆ ನಾಲ್ಕು ಯೂರೊ, ಮೂವತ್ತು ಸೆಂಟು, ಮೇಲೆ ಅರ್ಧ ಸೆಂಟು. ಸರಿಯಾಗಿ ಅರ್ಧ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅರ್ಧ ಬಂದರೆ ಮೇಲಕ್ಕೆ ಹೋಗಬೇಕು, ಅದು ಶಾಲೆಯಲ್ಲೇ ಕಲಿಸಿದ್ದು. ಆದ್ದರಿಂದ ಮೂವತ್ತೊಂದು. ಗಲ್ಲಾ ಸರಿಯಾಗಿಯೇ ಹೇಳಿತ್ತು.

ಆದರೂ ಅವಳು ತನ್ನದೇ ಕೆಲಸವನ್ನು ಅನುಮಾನಿಸಿದಳು. ಈ ಕಸುಬಿನವರ ಮೊದಲ ಅನುಮಾನ ಯಾವಾಗಲೂ ಒಂದೇ. ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಲ್ಲಿ ಯೋಚಿಸುವ ಯಂತ್ರಕ್ಕೆ ಹತ್ತನೇ ಒಂದು ಭಾಗವನ್ನು ಪೂರ್ತಿ ಬರೆಯಲು ಬರುವುದಿಲ್ಲ. ಎಲ್ಲೋ ದೂರದ ಅಂಕಿಯಲ್ಲಿ ಚೂರು ಉಳಿಯುತ್ತದೆ, ಅರ್ಧವೆಂದು ನಾವು ಅಂದುಕೊಂಡದ್ದು ಅದಕ್ಕೆ ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ ಕಾಣುತ್ತದೆ. ಆದರೆ ಉರ್ವೆ ಹಣವನ್ನು ಯಾವತ್ತೂ ಹಾಗೆ ಇಟ್ಟವಳಲ್ಲ. ಅವಳ ಪ್ರೋಗ್ರಾಂನಲ್ಲಿ ಯೂರೊ ಎಂಬುದೇ ಇರಲಿಲ್ಲ, ಬರಿಯ ಇಡೀ ಸೆಂಟುಗಳು, ಇಡೀ ಗ್ರಾಂಗಳು. ಚೂರು ಉಳಿಯಲು ಜಾಗವೇ ಇರಲಿಲ್ಲ. ಮತ್ತೆ ನೋಡಿದಳು, ಮತ್ತೆ ಮೂವತ್ತೊಂದೇ ಬಂತು.

ಹಾಗಾದರೆ ತಪ್ಪು ತಕ್ಕಡಿಯದು. ಇದು ಹೊಳೆದ ಕೂಡಲೇ ಅವಳು ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋದಳು.

ತಕ್ಕಡಿಯ ಪ್ರೋಗ್ರಾಂ ಐನಾರ್‌ನದು. ಐನಾರ್ ಅವಳ ಗಂಡನಾಗಿದ್ದವನು. ಇಬ್ಬರೂ ಸೇರಿ ಆ ಕಂಪನಿ ಶುರುಮಾಡಿದ್ದರು. ಅವಳು ಗಲ್ಲಾ ಬರೆದಳು, ಅವನು ತಕ್ಕಡಿ ಬರೆದ, ಒಂದೇ ಅಡುಗೆಮನೆಯ ಮೇಜಿನ ಆಚೆ ಈಚೆ ಕೂತು. ವಿಚ್ಛೇದನವಾದಾಗ ವಕೀಲರಿಗೆ ಹಂಚುವ ಕೆಲಸವೇ ಇರಲಿಲ್ಲ. ಗಲ್ಲಾ ಇವಳಿಗೆ, ತಕ್ಕಡಿ ಅವನಿಗೆ. ಆಮೇಲೆ ಮಾತಿಲ್ಲ. ಬೇಕಾದ್ದಿದ್ದರೆ ಇಮೇಲು, ಅದೂ 'ನಮಸ್ಕಾರ'ದಿಂದ ಶುರುವಾಗಿ 'ವಂದನೆಗಳೊಂದಿಗೆ' ಮುಗಿಯುವಂಥದ್ದು.

ಅವನಿಗೆ ಫೋನ್ ಮಾಡುವುದಕ್ಕಿಂತ ಹಿಮದಲ್ಲಿ ಕಾರೋಡಿಸಿಕೊಂಡು ಹೋಗುವುದೇ ಅವಳಿಗೆ ಸುಲಭವೆನಿಸಿತು. ಮುಂದಿನ ಗುರುವಾರ ಹೊರಟಳು.

ಬಸ್ ನಿಲ್ದಾಣದ ಗೋಡೆಗೆ ಒಂದು ಪ್ಲೈವುಡ್ ಹಲಗೆ ನೇತುಹಾಕಿತ್ತು. ಅದರ ಮೇಲೆ ಚೀಸಿನ ಚೀಟಿ, ಪಕ್ಕದಲ್ಲಿ ರಸೀದಿ. ಕೆಳಗೆ ಕೆಂಪು ಬಣ್ಣದಲ್ಲಿ: ನಿಮ್ಮದನ್ನೂ ನೋಡಿಕೊಳ್ಳಿ. ಹೆಲ್ಡುರ್ ಅದರ ಪಕ್ಕದಲ್ಲೇ ನಿಂತಿದ್ದ, ಕಾವಲಿಗೆ ಇದ್ದವನಂತೆ.

"ಗಲ್ಲಾ ಹೆಂಗಸು ನೀವೇನಾ?" ಎಂದ. "ಬನ್ನಿ, ನಿಮ್ಮ ಮುಂದೇನೇ ತೋರಿಸ್ತೀನಿ."

ಅಂಗಡಿಯಲ್ಲಿ ಮೈಮು ಯಾರ ಮುಖವನ್ನೂ ನೋಡದೆ ಚಾಕು ತೆಗೆದುಕೊಂಡಳು. ತಕ್ಕಡಿ ಮುನ್ನೂರ ನಲವತ್ತೈದು ತೋರಿಸಿತು. ಚೀಟಿ ಬಂತು: ನಾಲ್ಕು ಇಪ್ಪತ್ತನಾಲ್ಕು. ಗಲ್ಲಾ ಕೂಡ ನಾಲ್ಕು ಇಪ್ಪತ್ತನಾಲ್ಕು ಎಂದಿತು.

"ಸರಿಯಾಗೇ ಇದೆಯಲ್ಲ," ಎಂದಳು ಉರ್ವೆ.

"ಇವತ್ತು ಸರಿ ಇರತ್ತೆ," ಎಂದ ಹೆಲ್ಡುರ್. "ಎಂಜಿನ್ನೂ ಹಾಗೇನೇ. ಮೆಕ್ಯಾನಿಕ್ ಬಂದ ದಿನ ಸದ್ದು ಮಾಡಲ್ಲ."

"ಇನ್ನೊಂದು ತುಂಡು ಮಾಡಿ ಮೈಮು ಅವರೇ."

ಮುನ್ನೂರ ಐವತ್ತೈದು ಬಂತು. ಅದೂ ಎರಡು ಕಡೆಯೂ ಒಂದೇ. ಮೈಮು ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು. "ಇಪ್ಪತ್ತು ವರ್ಷ ಕಣ್ಮುಚ್ಚಿ ಕತ್ತರಿಸಿದ ಕೈ ಇದು. ಈಗ ಮುನ್ನೂರೈವತ್ತು ಬರ್ತಾನೇ ಇಲ್ಲ. ಇವನು ಹಂಗೆ ಗೂಬೆ ಥರ ನೋಡ್ತಾ ನಿಂತ್ರೆ ಯಾರ ಕೈಗೆ ತಾನೇ ಬರತ್ತೆ?"

ಉರ್ವೆಗೂ ತಲೆ ಕೆಟ್ಟಿತು. ಅವಳು ಚೀಸು ಬೇಡವೆಂದು ಹೇಳಿ ಈರುಳ್ಳಿಯ ಬುಟ್ಟಿ ತರಿಸಿದಳು. ಈರುಳ್ಳಿಗಳನ್ನು ಒಂದೊಂದಾಗಿ ಸೇರಿಸುತ್ತ ತೆಗೆಯುತ್ತ, ಸಣ್ಣ ಚೂರು ಕತ್ತರಿಸಿ ಹಾಕುತ್ತ, ತಕ್ಕಡಿಗೆ ಅದು ಚೀಸೆಂದು ಸುಳ್ಳು ಹೇಳಿ ತೂಕ ಹಿಡಿಯತೊಡಗಿದಳು. ಮುನ್ನೂರೈವತ್ತು ತಂದಾಗ ಚೀಟಿಯಲ್ಲಿ ಮೂವತ್ತು, ಗಲ್ಲಾದಲ್ಲಿ ಮೂವತ್ತೊಂದು. ಹೆಲ್ಡುರ್ ಕೈ ತಟ್ಟಿದ.

ಆಗ ಉರ್ವೆಗೆ ಎಲ್ಲ ತಿಳಿದಂತೆ ಅನ್ನಿಸಿತು. "ನೋಡಿ, ಸರಿಯಾಗಿ ಅರ್ಧ ಸೆಂಟ್ ಉಳಿದಾಗ ತಕ್ಕಡಿ ಅದನ್ನ ಬಿಟ್ಟುಬಿಡತ್ತೆ. ಗಲ್ಲಾ ಮೇಲಕ್ಕೆ ತಗೊಳತ್ತೆ. ಅಷ್ಟೇ. ಇನ್ನೂರೈವತ್ತಕ್ಕೂ ಅರ್ಧ ಉಳಿಯತ್ತೆ, ಅಲ್ಲೂ ಹೀಗೇ ಆಗತ್ತೆ, ನೋಡ್ತಿರಿ."

ಇನ್ನೂರೈವತ್ತು ಗ್ರಾಂ ಈರುಳ್ಳಿ ಹಾಕಿದಳು. ಲೆಕ್ಕದ ಪ್ರಕಾರ ಮೂರು ಯೂರೊ ಏಳೂವರೆ ಸೆಂಟು. ತಕ್ಕಡಿ ಮೂರು ಯೂರೊ ಎಂಟು ಸೆಂಟು ಎಂದು ಚೀಟಿ ಉಗುಳಿತು. ಗಲ್ಲಾವೂ ಎಂಟೇ ಎಂದಿತು.

ಉರ್ವೆ ಎರಡೂ ಅಂಕಿಗಳನ್ನು ಮತ್ತೊಮ್ಮೆ ಓದಿದಳು.

ನೂರೈವತ್ತು ಹಾಕಿದಳು. ತಕ್ಕಡಿ ಬಿಟ್ಟುಬಿಟ್ಟಿತು, ಗಲ್ಲಾ ಸೇರಿಸಿತು. ನಾನೂರೈವತ್ತಕ್ಕೆ ಎರಡೂ ಸೇರಿಸಿದವು. ಐನೂರೈವತ್ತಕ್ಕೆ ಮತ್ತೆ ಜಗಳ.

"ನಿಮ್ಮ ತಕ್ಕಡಿ ಕುಡಿದಿದೆ," ಎಂದ ಹೆಲ್ಡುರ್, ಈ ಸಲ ಸಿಟ್ಟಿಲ್ಲದೆ, ನಿಜವಾದ ಕುತೂಹಲದಿಂದ.

"ಒಂದು ಸಲ ಬಿಡತ್ತೆ, ಒಂದು ಸಲ ತಗೊಳತ್ತೆ," ಎಂದಳು ಮೈಮು. "ಇದೇನು ತಕ್ಕಡೀನೋ ಹವಾಮಾನ ವರದೀನೋ?"

ಉರ್ವೆ ಚೀಟಿಗಳನ್ನು ಕೌಂಟರಿನ ಮೇಲೆ ಸಾಲಾಗಿ ಅಂಟಿಸಿ ನೋಡಿದಳು. ಏನೂ ಹೊಳೆಯಲಿಲ್ಲ. ಅವಳಿಗೆ ಕಣ್ಣು ಮಂಜಾದಂತೆ, ತಾನು ಇಷ್ಟು ವರ್ಷ ಮಾಡಿದ ಕೆಲಸವೇ ತನಗೆ ಬಾರದಂತೆ ಅನ್ನಿಸಿತು. ಕೊನೆಗೆ ಫೋನ್ ತೆಗೆದು, ಅಳಿಸದೇ ಉಳಿಸಿಕೊಂಡಿದ್ದ ಆ ನಂಬರನ್ನು ಒತ್ತಿದಳು.

"ಐನಾರ್, ನಿನ್ನ ತಕ್ಕಡಿ ತಪ್ಪು ಲೆಕ್ಕ ಹಾಕ್ತಿದೆ."

"ನಮಸ್ಕಾರ ಇಲ್ವಾ?" ಎಂದ.

"ನಮಸ್ಕಾರ. ತಪ್ಪು ಲೆಕ್ಕ ಹಾಕ್ತಿದೆ."

"ತಕ್ಕಡಿ ತಪ್ಪು ಹಾಕಲ್ಲ ಕಣೇ. ನಿನ್ನ ಗಲ್ಲಾನ ನೋಡ್ಕೋ."

"ಬಂದು ನೀನೇ ನೋಡು. ಇಲ್ಲಿ ಒಬ್ಬರಿಗೆ ಕಳ್ಳಿ ಅನ್ನೋ ಹೆಸರು ಬರ್ತಿದೆ."

ಅವನು ಬರಲಾರನೆಂದೇ ಅವಳು ಅಂದುಕೊಂಡಿದ್ದಳು. ಆದರೆ ಮಧ್ಯಾಹ್ನದ ಬೆಳಕು ಮಸುಕಾಗುವ ಮೊದಲೇ ಅವನ ಹಳೆಯ ವ್ಯಾನು ಅಂಗಡಿಯ ಮುಂದೆ ಬಂದು ನಿಂತಿತು. ಗಡ್ಡ ಬಿಟ್ಟಿದ್ದ. ಅದು ಅವನಿಗೆ ಒಪ್ಪುತ್ತಿತ್ತೋ ಇಲ್ಲವೋ ಎಂದು ಉರ್ವೆಗೆ ತೀರ್ಮಾನಿಸಲಾಗಲಿಲ್ಲ. ಅವನು ಬೂಟಿನ ಹಿಮ ಕೊಡವಿ, ಎಲ್ಲರಿಗೂ ತಲೆಯಾಡಿಸಿ, ಕೌಂಟರಿನ ಮೇಲಿದ್ದ ಚೀಟಿಗಳನ್ನು ಒಮ್ಮೆ ನೋಡಿದ. ಒಂದೇ ಸಲ.

"ಎಲ್ಲ ಸರಿಯಾಗಿದೆ," ಎಂದ.

"ಯಾವುದು ಸರಿಯಾಗಿದೆ? ಏಳೂವರೆ ಎಂಟಾಗಿದೆ, ಮೂವತ್ತೂವರೆ ಮೂವತ್ತಾಗಿದೆ!" ಎಂದಳು ಉರ್ವೆ.

"ಎಂಟು ಸರಿಸಂಖ್ಯೆ. ಮೂವತ್ತೂ ಸರಿಸಂಖ್ಯೆ. ಅರ್ಧ ಬಂದ್ರೆ ಹತ್ತಿರದ ಸರಿಸಂಖ್ಯೆಗೆ ಹೋಗಬೇಕು. ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ಒಟ್ಟಾರೆ ನೋಡಿದ್ರೆ ಯಾರಿಗೂ ಲಾಭ ಇಲ್ಲ, ಯಾರಿಗೂ ನಷ್ಟ ಇಲ್ಲ. ಲೆಕ್ಕ ಗೊತ್ತಿರೋರು ಹಾಗೇ ಮಾಡೋದು."

ಉರ್ವೆ ಚೀಟಿಗಳ ಕಡೆ ಮತ್ತೆ ನೋಡಿದಳು. ನೂರ ಎಂಬತ್ತನಾಲ್ಕು, ಮುನ್ನೂರ ಎಂಟು, ನಾನೂರ ಮೂವತ್ತು, ಐನೂರ ಐವತ್ತನಾಲ್ಕು, ಆರುನೂರ ಎಪ್ಪತ್ತಾರು. ಎಲ್ಲವೂ ಎರಡರಿಂದ ಭಾಗವಾಗುವ ಸೆಂಟುಗಳು. ಅಷ್ಟು ಹೊತ್ತು ಕಣ್ಣ ಮುಂದಿದ್ದರೂ ಕಂಡಿರಲಿಲ್ಲ.

"ಯಾವಾಗ್ಲೂ ಮೇಲಕ್ಕೆ ತಗೊಂಡ್ರೆ," ಐನಾರ್ ಹೆಲ್ಡುರ್ ಕಡೆ ತಿರುಗಿ ಹೇಳಿದ, "ಅರ್ಧ ಬಂದಾಗಲೆಲ್ಲ ಅಂಗಡಿಗೇ ಲಾಭ. ಗಿರಾಕಿಗೆ ಯಾವತ್ತೂ ಇಲ್ಲ."

ಹೆಲ್ಡುರ್ ಎದೆಯುಬ್ಬಿಸಿದ. "ನೋಡಿದ್ರಾ! ಈ ಮನುಷ್ಯ ನ್ಯಾಯವಂತ."

"ಹಾಗಾದ್ರೆ ನನ್ನ ಗಲ್ಲಾ ಕಳ್ಳನಾ?" ಎಂದಳು ಮೈಮು, ಅಳು ಬರುವ ದನಿಯಲ್ಲಿ.

"ಯಾರೂ ಕಳ್ಳರಲ್ಲ," ಎಂದಳು ಉರ್ವೆ. ಅವಳಿಗೆ ಈಗ ಸಿಟ್ಟು ಬಂದಿತ್ತು. "ಅರ್ಧ ಅಂದ್ರೆ ಮೇಲಕ್ಕೆ. ಇಡೀ ಊರಿಗೆ ಶಾಲೇಲಿ ಹೇಳ್ಕೊಟ್ಟಿದ್ದು ಅದನ್ನೇ. ಹೆಲ್ಡುರ್ ಅವರೇ, ನೀವೇ ಕಾಗದದ ಮೇಲೆ ಮಾಡಿದ್ರೆ ಎಷ್ಟು ಬರೀತಿದ್ರಿ?"

ಹೆಲ್ಡುರ್ ಯೋಚಿಸಿದ. "ಮೂವತ್ತೊಂದು," ಎಂದು ಒಪ್ಪಿಕೊಂಡ. ಆಮೇಲೆ ಅವನ ಹುಬ್ಬು ಗಂಟಾಯಿತು. "ತಡೀರಿ. ಹಾಗಾದ್ರೆ ಗಲ್ಲಾ ಹೇಳಿದ್ದೇ ಸರಿ, ಚೀಟಿನೇ ತಪ್ಪಾ? ಅಂದ್ರೆ ಇಷ್ಟು ವರ್ಷ ಚೀಟಿ ನನಗೆ ಕಡಿಮೆ ಹೇಳ್ತಿತ್ತಾ? ನಾನೇ ಬಾಕಿ ಕೊಡಬೇಕಾ?"

"ಚೀಟಿ ತಪ್ಪಲ್ಲ," ಎಂದ ಐನಾರ್.

"ಗಲ್ಲಾನೂ ತಪ್ಪಲ್ಲ," ಎಂದಳು ಉರ್ವೆ.

"ಎರಡೂ ಸರಿ ಇದ್ರೆ ನನ್ನ ಐದು ಸೆಂಟ್ ಎಲ್ಲಿ ಹೋಯ್ತು?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲು ಹೋಗಿ ಇಬ್ಬರೂ ನಿಲ್ಲಿಸಿದರು. ಮೊದಲೆಲ್ಲ ಅದು ಒಂದೇ ಸೆಂಟಿನ ವ್ಯತ್ಯಾಸ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಜನವರಿಯಿಂದ ಆ ಒಂದು ಸೆಂಟು ಒಟ್ಟು ಮೊತ್ತದ ಕೊನೆಯ ಎರಡನ್ನು ಮೂರು ಮಾಡುತ್ತದೆ, ಎರಡು ಬಿಟ್ಟುಹೋಗುವ ಬದಲು ಮೂರು ಐದಾಗುತ್ತದೆ. ಊರಲ್ಲಿ ಬೇರೆಯವರು ಕೇಳಿದ ಚೀಸು ಮುನ್ನೂರ ಹತ್ತೋ ಇಪ್ಪತ್ತೈದೋ ಬರುತ್ತಿತ್ತು, ಅವರಿಗೆ ಅರ್ಧದ ಗೊಡವೆಯೇ ಇಲ್ಲ. ಮೈಮುವಿನ ಕೈ ತಪ್ಪದೆ ಕತ್ತರಿಸುತ್ತಿದ್ದ ಒಂದೇ ತುಂಡು ಹೆಲ್ಡುರ್‌ನದು. ಹಾಗಾಗಿ ಪೆಟ್ಟು ಅವನಿಗೇ ಬೀಳುತ್ತಿತ್ತು. ಐನಾರ್ ಇದನ್ನು ನಿಧಾನವಾಗಿ ಬಿಡಿಸಿ ಹೇಳಿದ. ಹೆಲ್ಡುರ್ ಬಾಯಿ ತೆರೆದು ಕೇಳಿದ. ಮೈಮು ಕೇಳಲಿಲ್ಲ, ಅವಳು ಹಿಂದಿನ ಕೋಣೆಗೆ ಹೋಗಿಬಿಟ್ಟಿದ್ದಳು.

ಉರ್ವೆ ಅವಳ ಹಿಂದೆ ಹೋದಳು. ಮೈಮು ಹಾಲಿನ ಪೆಟ್ಟಿಗೆಯ ಮೇಲೆ ಕೂತು ಅಂಗಿಯ ತೋಳಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನಂಗೆ ನಿಮ್ಮ ಸರಿಸಂಖ್ಯೆ ಬೆಸಸಂಖ್ಯೆ ಏನೂ ಬೇಡ ಕಣಮ್ಮ," ಎಂದಳು. "ಅವನು ನನ್ನ ಜೊತೆ ಒಂದೇ ಬೆಂಚಲ್ಲಿ ಕೂತೋನು. ಯಂತ್ರ ತಪ್ಪಿದೆ ಅಂತ ಅವನಿಗೆ ಮೊದಲು ಅನ್ನಿಸ್ಲಿಲ್ಲ. ಮೈಮು ಕದ್ಲು ಅಂತ ಅನ್ನಿಸ್ತು."

ಉರ್ವೆ ಅವಳ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಬಂದಳು.

ಐನಾರ್ ಹೊರಗೆ ವ್ಯಾನಿಗೆ ಒರಗಿ ನಿಂತಿದ್ದ. ದೂರದಲ್ಲಿ ಮಂಜುಗಡ್ಡೆಯ ಮೇಲೆ ಮೀನು ಹಿಡಿಯಲು ಕೂತವರು ಕಪ್ಪು ಚುಕ್ಕೆಗಳಂತೆ ಕಾಣುತ್ತಿದ್ದರು. ಅವನು ಥರ್ಮಾಸಿನಿಂದ ಕಾಫಿ ಸುರಿದು ಮುಚ್ಚಳವನ್ನು ಅವಳಿಗೆ ಚಾಚಿದ. ಕೇಳದೆಯೇ ಹಾಲು ಹಾಕಿದ್ದ.

"ನಾವು ಮಾತಾಡ್ಕೊಂಡೇ ಮಾಡಿದ್ದು ಉರ್ವೆ," ಎಂದ. "ಅರ್ಧ ಬಂದ್ರೆ ಸರಿಸಂಖ್ಯೆಗೆ ಅಂತ. ನೀನೇ ಹೇಳಿದ್ದು. ಅದೇ ನ್ಯಾಯ ಅಂದಿದ್ದೆ."

"ನಾನಾ? ನಾನು ಯಾವತ್ತೂ ಹಾಗೆ ಹೇಳಿಲ್ಲ. ಮೇಲಕ್ಕೆ ಅಂತ ಒಪ್ಕೊಂಡಿದ್ವಿ. ಜನಕ್ಕೆ ಅರ್ಥವಾಗೋದು ಅದೇ ಅಂತ ನೀನೇ ಹೇಳಿದ್ದೆ."

"ನಾನು ಹಾಗೆ ಹೇಳೋಕೆ ಸಾಧ್ಯನೇ ಇಲ್ಲ."

"ಅಡುಗೆಮನೇಲಿ. ನೀನು ಬಟಾಣಿ ಸಾರು ಮಾಡ್ತಿದ್ದೆ."

"ಬಟಾಣಿ ಸಾರು ಮಾಡ್ತಿದ್ದೋಳು ನೀನು."

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಕಿಟಕಿಯ ಮೇಲಿನ ಹಬೆ ನೆನಪಿತ್ತು, ಪಾತ್ರೆಯೂ ನೆನಪಿತ್ತು. ಸೌಟು ಯಾರ ಕೈಯಲ್ಲಿತ್ತು ಎಂಬುದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನ ಮುಖ ನೋಡಿದರೆ ಅವನಿಗೂ ಸಿಕ್ಕಂತಿರಲಿಲ್ಲ. ಇಬ್ಬರೂ ಒಂದೇ ಮೇಜಿನ ಮೇಲೆ ವರ್ಷಗಟ್ಟಲೆ ಎರಡು ನಿಯಮ ಬರೆದಿದ್ದರು. ಪ್ರತಿಯೊಬ್ಬರೂ ಅದು ಇನ್ನೊಬ್ಬರು ಒಪ್ಪಿದ್ದೆಂದೇ ನಂಬಿದ್ದರು. ಇದಕ್ಕೆ ನಗಬೇಕೋ ಅಳಬೇಕೋ ಅವಳಿಗೆ ಗೊತ್ತಾಗಲಿಲ್ಲ.

"ನೀನು ನಿನ್ನದನ್ನ ಬದಲಾಯಿಸು," ಎಂದಳು.

"ನೀನು ಯಾಕೆ ಬದಲಾಯಿಸಬಾರದು?"

"ನಾನು ಬದಲಾಯಿಸಿದ್ರೆ ಗಿರಾಕಿಗಳು ಫೋನಲ್ಲಿ ಲೆಕ್ಕ ಮಾಡಿ ನೋಡ್ತಾರೆ. ಒಂದು ಸಲ ಸರಿ ಬರತ್ತೆ, ಒಂದು ಸಲ ಬರಲ್ಲ. ಆಗ ಯಾರು ಉತ್ತರ ಹೇಳೋದು? ಮೈಮು."

"ನಾನು ಬದಲಾಯಿಸಿದ್ರೆ ಅಷ್ಟೂ ಅರ್ಧ ಸೆಂಟು ಅಂಗಡಿಗೆ ಹೋಗತ್ತೆ. ಆಗಲೂ ಬೈಸಿಕೊಳ್ಳೋಳು ಮೈಮುನೇ."

ಕಾಫಿ ಆರಿತು. ಇಬ್ಬರಿಗೂ ಕಾಲು ಮರಗಟ್ಟಿತು. ವಿಚ್ಛೇದನದ ದಿನಗಳಲ್ಲಿ ಅವರು ಹೀಗೆ ನಿಂತು ವಾದ ಮಾಡಿರಲಿಲ್ಲ. ಆಗ ಇಬ್ಬರೂ ಎಲ್ಲದಕ್ಕೂ 'ಆಯ್ತು' ಎಂದುಬಿಟ್ಟಿದ್ದರು. ಪುಸ್ತಕದ ಕಪಾಟು ನಿನಗೆ, ಆಯ್ತು. ಹಬೆಸ್ನಾನದ ಒಲೆ ನನಗೆ, ಆಯ್ತು. ಜಗಳವಾಡಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಉರ್ವೆಗೆ ಬಂದು, ಅದನ್ನು ಮುಂದುವರಿಸಲು ಧೈರ್ಯವಾಗದೆ ಬಿಟ್ಟುಬಿಟ್ಟಳು.

ಅಂಗಡಿಯ ಬಾಗಿಲು ತೆರೆದು ಹೆಲ್ಡುರ್ ಹೊರಗೆ ಬಂದ. ಬ್ರೆಡ್ಡು ಅವನ ಕಂಕುಳಲ್ಲಿತ್ತು.

"ನಂಗೊಂದು ಅರ್ಥ ಆಗ್ಲಿಲ್ಲ," ಎಂದ. "ತಕ್ಕಡಿ ಒಂದು ಸಲ ಲೆಕ್ಕ ಮಾಡಿ ಬರೆದುಕೊಟ್ಟ ಮೇಲೆ, ಗಲ್ಲಾ ಅದನ್ನೇ ಯಾಕೆ ಇನ್ನೊಂದು ಸಲ ಮಾಡತ್ತೆ? ನಂಬಿಕೆ ಇಲ್ವಾ?"

ಅವನು ಹಾಗೆಂದು ತನ್ನ ಹಲಗೆಯ ಕಡೆ ಹೋದ. ಉರ್ವೆ, ಐನಾರ್ ಒಬ್ಬರನ್ನೊಬ್ಬರು ನೋಡಿದರು.

ಪ್ರಶ್ನೆಗೆ ಉತ್ತರವಿರಲಿಲ್ಲವೆಂದಲ್ಲ. ತಕ್ಕಡಿಯ ಚೀಟಿಯ ಬಾರ್‌ಕೋಡ್ ಗೆರೆಗಳಲ್ಲಿ ತೂಕವನ್ನಷ್ಟೇ ಬರೆಯಬೇಕೆಂದು ಮೊದಲಿಂದ ಇತ್ತು. ಗಲ್ಲಾ ತೂಕ ಓದಿ, ತನ್ನಲ್ಲಿರುವ ದರದಿಂದ ಗುಣಿಸುತ್ತಿತ್ತು. ದರ ಬದಲಾದರೆ ಗಲ್ಲಾದಲ್ಲಿ ಬದಲಾಯಿಸಿದರೆ ಸಾಕು, ತಕ್ಕಡಿ ಅಲ್ಲಿಂದಲೇ ತೆಗೆದುಕೊಳ್ಳಲಿ ಎಂದು ಹಾಗೆ ಮಾಡಿದ್ದರು. ಆಗ ಅದೇ ಜಾಣತನವೆನಿಸಿತ್ತು.

"ಗೆರೇಲಿ ಬೆಲೇನೇ ಕಳಿಸಬಹುದು," ಎಂದ ಐನಾರ್ ನಿಧಾನವಾಗಿ. "ಜಾಗ ಇದೆ."

"ಆಗ ನಾನು ಗುಣಿಸೋದೇ ಇಲ್ಲ."

"ಗುಣಿಸೋದೇ ಬೇಡ. ಓದಿದ್ರೆ ಸಾಕು."

ಉರ್ವೆ ಖಾಲಿ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು. ಗಲ್ಲಾದ ಆ ಗುಣಾಕಾರ ಅವಳು ಬರೆದ ಮೊದಲ ಸಾಲುಗಳಲ್ಲಿ ಒಂದು. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ್ದನ್ನು ತೆಗೆದುಹಾಕುವುದು ತಪ್ಪನ್ನು ತಿದ್ದುವುದಕ್ಕಿಂತ ಕಷ್ಟ. ಆದರೆ ಗಿರಾಕಿ ಮೊದಲು ನೋಡುವುದು ಚೀಟಿಯನ್ನು. ಮೈಮು ತನ್ನ ಕೈಯಾರೆ ಅಂಟಿಸಿ ಕೊಡುವುದೂ ಅದನ್ನೇ. ಚೀಟಿಯಲ್ಲಿ ಒಮ್ಮೆ ಕೊಟ್ಟ ಮಾತು ಗಲ್ಲಾ ಬಳಿ ಬದಲಾಗಬಾರದು.

"ನಿನ್ನ ನಿಯಮಾನೇ ಇರ್ಲಿ ಹಾಗಾದ್ರೆ," ಎಂದಳು. "ಆದರೆ ನಾನು ಅದನ್ನ ಯಾವತ್ತೂ ಒಪ್ಪಿರಲಿಲ್ಲ, ನೆನಪಿಟ್ಕೋ."

"ಒಪ್ಪಿದ್ದೆ ಕಣೇ," ಎಂದ ಐನಾರ್. ಆದರೆ ಈ ಸಲ ಅವನ ದನಿಯಲ್ಲಿ ಅಷ್ಟು ಖಾತ್ರಿಯಿರಲಿಲ್ಲ.

ಮರುವಾರ ಬದಲಾವಣೆ ಎಲ್ಲ ಅಂಗಡಿಗಳಿಗೂ ಹೋಯಿತು. ಸಹಕಾರಿಯ ಕಚೇರಿ ಹೆಲ್ಡುರ್‌ಗೆ ಒಂದು ಚಿಕ್ಕ ಪತ್ರ ಬರೆದು, ಜೊತೆಗೆ ಒಂದು ಚಾಕೊಲೇಟ್ ಡಬ್ಬಿ ಕಳಿಸಿತು. ಹಲಗೆ ಬಸ್ ನಿಲ್ದಾಣದಿಂದ ಕೆಳಗಿಳಿಯಿತು. ಹೆಲ್ಡುರ್ ಆ ಡಬ್ಬಿಯನ್ನು ತೆರೆಯದೆ ಹಾಗೇ ಹಿಡಿದುಕೊಂಡು ಅಂಗಡಿಗೆ ಹೋದನಂತೆ. ಇದನ್ನು ಉರ್ವೆಗೆ ಫೋನಲ್ಲಿ ಹೇಳಿದವಳು ಮೈಮುವೇ.

"ಬಂದ. ಡಬ್ಬಿ ಇಟ್ಟ. 'ತಪ್ಪು ಯಂತ್ರದ್ದು' ಅಂದ. 'ಕಳ್ಳಿ ಅಂದಿದ್ದು ಯಂತ್ರನಾ?' ಅಂದೆ. ಬೆಬ್ಬೆಬ್ಬೆ ಅಂದ. ಟೋಪಿ ತೆಗೆದ, ಮತ್ತೆ ಹಾಕ್ಕೊಂಡ. ಮುನ್ನೂರೈವತ್ತು ಗ್ರಾಂ ಅಂದ. 'ಅಲ್ಲಿ ಕಪಾಟಲ್ಲಿ ಪೊಟ್ಟಣ ಕಟ್ಟಿದ್ದಿದೆ, ತಗೋ' ಅಂದೆ."

"ಅಯ್ಯೋ."

"ಫ್ಯಾಕ್ಟರಿ ಚೀಸು ತಿನ್ನಲಿ ಸ್ವಲ್ಪ ದಿನ. ರಬ್ಬರ್ ಥರ ಇರತ್ತೆ."

ಮಂಜುಗಡ್ಡೆ ಕರಗುವವರೆಗೂ ಅವನು ರಬ್ಬರನ್ನೇ ತಿಂದ. ಪ್ರತಿ ಗುರುವಾರ ತಪ್ಪದೆ ಬಂದ, ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತ, ಪೊಟ್ಟಣ ತೆಗೆದುಕೊಂಡು ಹೋದ. ಒಂದು ದಿನ ಅಂಗಡಿಯಲ್ಲಿ ಊರಿನವರು ತುಂಬಿದ್ದಾಗ, ಎಲ್ಲರಿಗೂ ಕೇಳುವ ಹಾಗೆ, ಕಿವಿ ಕೆಂಪಗೆ ಮಾಡಿಕೊಂಡು, "ನಾನು ಅವತ್ತು ಮೈಮುಗೆ ಆಡಬಾರದ ಮಾತಾಡ್ದೆ" ಎಂದ. ಮೈಮು ಚಾಕು ತೆಗೆದುಕೊಂಡಳು. ಮುನ್ನೂರ ಅರವತ್ತು ಬಂತು. ಇಬ್ಬರೂ ಅದನ್ನು ತಕ್ಕಡಿಯ ಮೇಲೆ ನೋಡಿದರು, ಮೈಮು ಅದನ್ನೇ ಕಾಗದದಲ್ಲಿ ಸುತ್ತಿ ಚೀಟಿ ಅಂಟಿಸಿ ಕೊಟ್ಟಳು.

ಮೇ ತಿಂಗಳಲ್ಲಿ ಬೇರೆ ಊರಿನ ಅಂಗಡಿಯಿಂದ ಉರ್ವೆಗೆ ಕರೆ ಬಂತು. ಮೂರು ಬಾಟಲಿ ಜಾಮ್ ಐದು ಯೂರೊಗೆ ಎಂದು ಮಾರಿದ್ದರು. ಒಬ್ಬಾಕೆ ಒಂದನ್ನು ವಾಪಸು ತಂದಿದ್ದಳು, ಎಷ್ಟು ಕೊಡಬೇಕು? ಉರ್ವೆ ಲೆಕ್ಕ ಹಾಕಿದಳು. ಎರಡು ಬಾಟಲಿಗೆ ತಲಾ ಒಂದು ಯೂರೊ ಅರವತ್ತೇಳು, ಮೂರನೆಯದಕ್ಕೆ ಒಂದು ಯೂರೊ ಅರವತ್ತಾರು, ಹಾಗೆ ಹಂಚಿದರೆ ಮಾತ್ರ ಐದು ಯೂರೊ ಸರಿಹೋಗುತ್ತದೆ. ಆದರೆ ಆಕೆ ವಾಪಸು ತಂದದ್ದು ಯಾವ ಬಾಟಲಿ? ಮೂರೂ ಸ್ಟ್ರಾಬೆರಿ, ಮೂರೂ ಒಂದೇ ಥರ.

ಅವಳು ಐನಾರ್‌ಗೆ ಫೋನ್ ಮಾಡಿದಳು. ನಮಸ್ಕಾರ ಹೇಳುವುದನ್ನು ಈ ಸಲವೂ ಮರೆತಳು.

"ಅರವತ್ತೇಳು ಕೊಡು," ಎಂದ ಅವನು.

"ಆಮೇಲೆ ಉಳಿದೆರಡನ್ನೂ ತಂದ್ರೆ? ಅವಕ್ಕೂ ಅರವತ್ತೇಳು ಕೊಟ್ರೆ ಅವಳು ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಟ್ಟ ಹಾಗಾಗತ್ತೆ."

"ಕೊನೇದಕ್ಕೆ ಅರವತ್ತಾರು."

"ಕೊನೇದು ಅಂತ ಹೇಗೆ ಗೊತ್ತಾಗತ್ತೆ? ಆಕೆ ಎರಡನ್ನ ಅಕ್ಕನಿಗೆ ಕೊಟ್ಟು, ಅಕ್ಕ ಬೇರೆ ದಿನ ತಂದ್ರೆ?"

"ಅಕ್ಕನ ಹತ್ರ ರಸೀದಿ ಇರುತ್ತಾ?"

"ಯಾರಿಗೆ ಗೊತ್ತು."

"ತಡಿ, ಯೋಚಿಸ್ತೀನಿ," ಎಂದ ಐನಾರ್. ಅವನ ಕಡೆಯಿಂದ ನೀರು ಕುದಿಯುವ ಸದ್ದು ಬರುತ್ತಿತ್ತು. ಉರ್ವೆ ಫೋನನ್ನು ಕಿವಿ ಮತ್ತು ಭುಜದ ನಡುವೆ ಇಟ್ಟುಕೊಂಡು ಒಂದು ಕಾಗದ ಎಳೆದುಕೊಂಡಳು, ಮೂರು ಬಾಟಲಿಗಳ ಚಿತ್ರ ಬರೆದಳು, ಯಾವುದರ ಕೆಳಗೆ ಯಾವ ಅಂಕಿ ಬರೆಯಬೇಕೆಂದು ತೋಚದೆ ಕಾಯುತ್ತ ಕೂತಳು.